ನಿಂತ ಗಾಡಿ, ನನ್ನ ತಪ್ಪಿಲ್ಲ

2024ರ ಡಿಸೆಂಬರ್ 16, ಸೋಮವಾರ, ಬೆಳಿಗ್ಗೆ ಹತ್ತೂ ಮುಕ್ಕಾಲು. ನವಲಗುಂದ ಠಾಣೆಯ ಮೆಟ್ಟಿಲು ಹತ್ತಿದ ನಂದಾ ಟೀಚರ್ ಕೈಯಲ್ಲಿ ಒಂದು ಪೇಪರ್ ಪೊಟ್ಟಣವಿತ್ತು. ಸತ್ತ ಇಲಿಯನ್ನು ಹಿಡಿದವರ ಹಾಗೆ ಅದನ್ನು ಮೈಯಿಂದ ದೂರ ಹಿಡಿದುಕೊಂಡೇ ಬಂದು ಪಿಎಸ್‌ಐ ದುರ್ಗಾ ಹಂಚಿನಾಳಳ ಮೇಜಿನ ಮೇಲಿಟ್ಟಳು.

"ನನ್ನ ಗಾಡಿಗೆ ಯಾರೋ ಮಾಟ ಮಾಡ್ಸಾಕತ್ತಾರ್ರೀ ಮೇಡಮ್. ಕಂಪ್ಲೇಂಟ್ ಬರಕೋರಿ."

ಮಾಟಕ್ಕೆ ಎಫ್‌ಐಆರ್ ಹಾಕಲು ಬರುವುದಿಲ್ಲ ಎಂದು ದುರ್ಗಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಟೀಚರ್ ಬಾಯಿ ತೆರೆದ ಮೇಲೆ ಮುಚ್ಚಿಸುವುದು ಪೊಲೀಸರಿಂದಲೂ ಆಗುವ ಕೆಲಸವಲ್ಲ. ಹೋದ ಮಾರ್ಚಿನಲ್ಲಿ ಆಕೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಿದ್ದಳು. ದಿನಾ ಸಾಲಿಗೆ ಹೋಗುವುದು ಬಸ್ಸಿನಲ್ಲಿ, ಕಾರು ಮನೆ ಬಾಜೂಕಿನ ಓಣಿಯಲ್ಲಿ ನಿಂತಿರುತ್ತದೆ. ಏಪ್ರಿಲ್‌ನಿಂದ ಹಿಡಿದು ಒಂದು ಅಮಾಸಿಯೂ ತಪ್ಪಿಲ್ಲ, ಸಂಜೆ ಬಂದು ನೋಡಿದರೆ ಎಡಗಡೆ ಹಿಂದಿನ ಗಾಲಿಯ ಬುಡದಲ್ಲಿ ಇದು ಇರುತ್ತದೆ. ಒಮ್ಮೆಯೂ ಬೇರೆ ಗಾಲಿಯ ಹತ್ತಿರ ಇಲ್ಲ.

"ಮತ್ತ ತಿರುವಿನ್ಯಾಗ ಹೊರಳಿಸಿದ್ರ ಹಿಂದಿನಿಂದ ಯಾರೋ ಬೆರಳಲೆ ಬಡದಂಗ ಸಪ್ಪಳ ಬರ್ತೈತ್ರಿ. ಟಕ್, ಟಕ್ ಅಂತ. ಗ್ಯಾರೇಜಿನ ಮೇಸ್ತ್ರಿ ಏನೂ ಇಲ್ಲ ಅಂದ. ನನ್ನ ಮಗಳು ಶಿವಾನಿ ಹಿಂದಿನ ಸೀಟಿನ್ಯಾಗ ಕುಂದ್ರಾಕ ಒಲ್ಲೆ ಅಂತಾಳ."

ದುರ್ಗಾ ಪೊಟ್ಟಣ ಬಿಚ್ಚಿದಳು. ಒಳಗೆ ಲಿಂಬಿಹಣ್ಣು, ಮೆಣಸಿನಕಾಯಿ, ಕುಂಕುಮ ಇರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ಒಂದು ಹಿಡಿ ಸಕ್ಕರೆ, ಅದರ ಮೇಲೆ ಒಂದಿಷ್ಟು ಬೂದಿ. ಹದಿನೈದು ದಿನದ ಹಿಂದಿನ ಅಮಾಸಿಯದು, ಇರುವೆಗಳು ಸಾಲು ಹಚ್ಚಿದ್ದವು.

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಸರ್ಫರಾಜ್ ಬಗ್ಗಿ ಮೂಸಿ ನೋಡಿದ. "ಮೇಡಮ್‌ರ, ಇದು ಊದಿನ ಬೂದಿ. ಸಕ್ರಿ ಮ್ಯಾಲೆ ಫಾತಿಹಾ ಓದಿಸ್ಯಾರ. ಇದು ಮಾಟ ಅಲ್ಲ್ರಿ, ಸತ್ತವರ ಹೆಸರೀಲೆ ಇಟ್ಟದ್ದು."

"ಹಂಗಾರ ನಿಮ್ಮ ಪೈಕಿ ಯಾರೋ ಇಡಾಕತ್ತಾರ," ಎಂದಳು ದುರ್ಗಾ.

"ನಮ್ಮಾವ್ರು ಅಮಾಸಿ ಯಾಕ ನೋಡ್ತಾರ್ರೀ? ಅಮಾಸಿ ಲೆಕ್ಕ ನಿಮ್ಮದು."

ದುರ್ಗಾ ಲೆಕ್ಕ ಹಾಕಿದಳು. ದಿನ ಹಿಂದೂಗಳದ್ದು, ಸಾಮಾನು ಮುಸಲ್ಮಾನರದ್ದು. ಯಾರೋ ಒಬ್ಬ ಹಿಂದೂ ಮನುಷ್ಯ ಸತ್ತ ಮುಸಲ್ಮಾನನೊಬ್ಬನನ್ನು ಸಮಾಧಾನ ಮಾಡುತ್ತಿದ್ದಾನೆ, ಅದೂ ಕಾರಿನ ಗಾಲಿಯ ಬುಡದಲ್ಲಿ.

ಹೊರಗಿನ ಬೆಂಚಿನ ಮೇಲೆ ಎಂದಿನಂತೆ ಖಾಸಿಂಬಿ ಕುಳಿತಿದ್ದಳು. ಅವಳ ಗಂಡ ದಾವೂದಸಾಬ ಸೈಕಲ್ ಮೇಲೆ ಊರೂರು ತಿರುಗಿ ಗಾದಿ ಹೊಲಿಯುವವ. ಹೋದ ವರ್ಷ ಮಹಾನವಮಿಯ ಮುಂಚೆ ಹೋದವ ಬಂದಿಲ್ಲ. ಹುಬ್ಬಳ್ಳಿಯಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದಾನೆ ಎಂದು ಊರು ಆಡಿಕೊಂಡಿತು. ಮಗಳು ಮುಮತಾಜಳಿಗೆ ಅತ್ತೆಮನೆಯಲ್ಲಿ "ಓಡಿಹೋದವನ ಮಗಳು" ಎಂಬ ಹೆಸರೇ ಗಟ್ಟಿಯಾಯಿತು. ಖಾಸಿಂಬಿ ಠಾಣೆಗೆ ಬಂದಾಗೆಲ್ಲ ಕೇಳುವುದು ಒಂದೇ ಮಾತು: "ಸತ್ತಿದ್ರ ಸತ್ತಾನ ಅಂತ ಹೇಳ್ರಿ. ಓಡಿಹೋಗಿದ್ರ ಹೋಗ್ಯಾನ ಅಂತ ಹೇಳ್ರಿ. ನಡುವ ನೇತಾಡ್ಸಬ್ಯಾಡ್ರಿ." ಅಂದು ದುರ್ಗಾ ಖಾಸಿಂಬಿಯ ಮುಖ ನೋಡದೆ ಜೀಪು ಹತ್ತಿದಳು.

ನಂದಾಳ ಓಣಿಯಲ್ಲಿ ಬಿಳಿ ಕಾರು ಸುಮ್ಮನೆ ನಿಂತಿತ್ತು. ಎಡಗಡೆ ಹಿಂದಿನ ಗಾಲಿಯ ಹತ್ತಿರ ಮಣ್ಣು ಕರಕಾಗಿತ್ತು, ಒಂಬತ್ತು ಅಮಾಸಿಯ ಊದು ಸುಟ್ಟ ಗುರುತು. ಓಣಿಯ ನಾಯಿಯೊಂದು ಉಳಿದ ಮೂರೂ ಗಾಲಿ ಮೂಸಿ, ಈ ಗಾಲಿಯ ಹತ್ತಿರ ಬಂದದ್ದೇ ಬಾಲ ಮುದುರಿ ಸುತ್ತುಹಾಕಿ ಹೋಯಿತು. ಊದಿನ ವಾಸನೆಗೆ ಹಾಗೆ ಮಾಡಿರಬೇಕು ಎಂದು ದುರ್ಗಾ ತನಗೆ ತಾನೇ ಹೇಳಿಕೊಂಡಳು.

"ಗಾಡಿ ಯಾರ ಕಡಿಂದ ತಗೊಂಡ್ರಿ ಟೀಚರ್?"

"ಅಣ್ಣಿಗೇರಿ ಗುಡದಪ್ಪನ ಕಡಿಂದ್ರಿ. ಬೀಜ ಗೊಬ್ಬರದ ಅಂಗಡಿ ಐತಲ್ಲ, ಅಂವ. ಅಗದಿ ಸತ್ಯವಂತ ಅಂತ ಎಲ್ಲಾರೂ ಹೇಳಿದ್ರು. ಆದ್ರ ಒಂದು ಮಾತ ಮುಚ್ಚಿಟ್ಟಾನ ನೋಡ್ರಿ. ಮೊನ್ನೆ ಇನ್ಶುರೆನ್ಸ್ ರಿನ್ಯೂವಲ್ಲಿಗೆ ಹೋದಾಗ ಗೊತ್ತಾತು."

ಏನು ಗೊತ್ತಾಯಿತು ಎಂಬುದನ್ನು ಏಜೆಂಟ್ ಉಡಚಪ್ಪನ ಬಾಯಿಂದಲೇ ಕೇಳೋಣವೆಂದು ದುರ್ಗಾ ಮಧ್ಯಾಹ್ನ ಅವನ ಕಚೇರಿಗೆ ಹೋದಳು. ಕಚೇರಿಯೆಂದರೆ ಜೆರಾಕ್ಸ್ ಅಂಗಡಿಯ ಹಿಂದಿನ ಒಂದು ಟೇಬಲ್ಲು. ಉಡಚಪ್ಪ ಪಾಲಿಸಿ ಮಾರುವುದಕ್ಕಿಂತ ಮಾತು ಮಾರುವುದರಲ್ಲಿ ಹೆಚ್ಚು ಗಳಿಸುವ ಗಿರಾಕಿ.

"ನಮ್ಮ ಕಂಪನಿ ಅರ್ಜಿಯೊಳಗ ಒಂದು ಪ್ರಶ್ನಿ ಇರ್ತೈತ್ರಿ ಮೇಡಮ್. ಹೋದ ವರ್ಷದಾಗ ಗಾಡಿಗೆ ಅಪಘಾತ ಆಗೇತೇನು, ನಿಮ್ಮ ತಪ್ಪು ಇಲ್ಲದಿದ್ದರೂ ಬರೀರಿ ಅಂತ. ಯಾರ್ ಬರೀತಾರ್ರೀ? ಬರದ್ರ ಕಂತು ಏರ್ತೈತೋ ಏನೋ ಅಂತ ಎಲ್ಲಾರೂ ಇಲ್ಲ ಅಂತ ಗೀಟು ಹೊಡೀತಾರ. ಬಂಪರ್ ಕೈಯಾಗ ಹಿಡಕೊಂಡು ಬಂದಾಂವನೂ ಇಲ್ಲ ಅಂತಾನ!"

"ಗುಡದಪ್ಪ?"

"ಅಂವ ಬರದಾನ್ರಿ. ಹೋದ ವರ್ಷ ಡಿಸೆಂಬರದಾಗ. ನೋಡ್ರಿ ಇಲ್ಲೆ." ಉಡಚಪ್ಪ ಕಂಪ್ಯೂಟರ್ ತಿರುಗಿಸಿದ. ಸ್ಕ್ಯಾನ್ ಮಾಡಿದ ಅರ್ಜಿಯಲ್ಲಿ ದುಂಡಗಿನ ಅಕ್ಷರದಲ್ಲಿ ಗುಡದಪ್ಪ ಬರೆದಿದ್ದ: *ತಾರೀಖು 14-10-2023. ನಿಂತ ಗಾಡಿ. ನನ್ನ ತಪ್ಪಿಲ್ಲ. ಪರಿಹಾರ ಬೇಡ.*

"ಗಾಡಿಗೆ ಏನ್ ಆಗಿತ್ತು?"

"ಏನೂ ಆಗಿದ್ದಿಲ್ಲ್ರಿ, ಅದ ಮಜಾ. ಒಂದು ಗೀರು ಇಲ್ಲ. ಯಾರು ಬಂದು ಹಾಯ್ದ್ರೋ ಅಂತ ಕೇಳಿದ್ರ ಮುಖ ಬೆಳ್ಳಗ ಮಾಡಿಕೊಂಡು 'ಬರದೀನಲ್ಲ, ಅಷ್ಟ ಇಟ್ಕೊ' ಅಂದ. ಮನಷ್ಯಾ ಸತ್ಯವಂತ ಅಂತ ನಾನೂ ಬಿಟ್ನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆ. ಇಲ್ಲಿ ಕಳ್ಳ ಅಂದವರೇ ಯಾರೂ ಇರಲಿಲ್ಲ, ಮನುಷ್ಯ ತಾನಾಗಿಯೇ ಹೆಗಲು ಮುಟ್ಟಿಕೊಂಡಿದ್ದ. ದುರ್ಗಾ ಜೀಪಿನಲ್ಲಿ ಕೂತು ಫೋನಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸಿದಳು. 2023ರ ಅಕ್ಟೋಬರ್ 14, ಶನಿವಾರ, ಮಹಾಲಯ ಅಮಾವಾಸ್ಯೆ.

"ಸರ್ಫರಾಜ್, ದಾವೂದಸಾಬ ಕಾಣೆಯಾದದ್ದು ಎಂದು?"

ಸರ್ಫರಾಜ್ ಯೋಚಿಸಲಿಲ್ಲ. ಆ ಕಾಣೆ ಪ್ರಕರಣವನ್ನು ಬರೆದುಕೊಂಡವನೇ ಅವನು. "ಮಹಾಲಯ ಅಮಾಸಿ ದಿನಾನ ರೀ ಮೇಡಮ್‌ರ," ಎಂದ.

ಮುಂದಿನ ಮೂರು ದಿನ ಫೋನು, ಪತ್ರ, ಓಡಾಟ. ಈ ಬಯಲು ಸೀಮೆಯಲ್ಲಿ ಹೆಣ ಮರೆಮಾಡಲು ಇರುವುದು ಕಾಲುವೆಯೊಂದೇ; ಅದರ ನೀರು ಹರಿದು ಹೋಗುವ ದಿಕ್ಕಿನಲ್ಲಿರುವ ಠಾಣೆಗಳಿಗೆಲ್ಲ ದುರ್ಗಾ ಹಳೆಯ ಯುಡಿಆರ್, ಅಂದರೆ ಅಸಹಜ ಸಾವಿನ, ಪ್ರಕರಣಗಳನ್ನು ಕೇಳಿದಳು. ಪಕ್ಕದ ಜಿಲ್ಲೆಯ ಒಂದು ಠಾಣೆಯಿಂದ ಉತ್ತರ ಬಂತು. 2023ರ ಅಕ್ಟೋಬರ್ 18ರಂದು ಕಾಲುವೆಯ ಗೇಟಿನಲ್ಲಿ ಗಂಡಸಿನ ಹೆಣ ಸಿಕ್ಕಿತ್ತು. ಮೈಮೇಲೆ ಅಂಗಿಯಿಲ್ಲ, ಮುಖ ಗುರುತು ಹತ್ತುವಂತಿರಲಿಲ್ಲ. ಫೋಟೋ ಎಲ್ಲ ಕಡೆ ಕಳಿಸಿದ್ದರು, ಖಾಸಿಂಬಿಯೂ ನೋಡಿ ಗೊತ್ತಾಗುವುದಿಲ್ಲ ಎಂದಿದ್ದಳು. ವಾರಸುದಾರರಿಲ್ಲವೆಂದು ಹೂತಿದ್ದರು, ಹಲ್ಲೊಂದನ್ನು ತೆಗೆದಿಟ್ಟಿದ್ದರು. ಮರಣೋತ್ತರ ವರದಿಯಲ್ಲಿ ಎರಡು ಸಾಲಿಗೆ ದುರ್ಗಾ ಪೆನ್ಸಿಲ್ ಗೆರೆ ಎಳೆದಳು. ಒಂದು: ತೊಡೆ ಮತ್ತು ಸೊಂಟದ ಎಲುಬು ಮುರಿದಿದೆ. ಇನ್ನೊಂದು: ಶ್ವಾಸಕೋಶದಲ್ಲಿ ಕೆಸರುನೀರು, ಮುಳುಗಿ ಉಸಿರು ಕಟ್ಟಿ ಸಾವು.

ಅಂದರೆ ಎಲುಬು ಮುರಿದ ಮನುಷ್ಯ ಕಾಲುವೆಗೆ ಬಿದ್ದಾಗ ಜೀವಂತವಿದ್ದ.

ಡಿಸೆಂಬರ್ 20ರಂದು ಇಬ್ಬರು ಪಂಚರ ಸಮಕ್ಷಮ ನಂದಾಳ ಕಾರಿನ ಪಂಚನಾಮೆ ನಡೆಯಿತು. ಸರ್ಫರಾಜ್ ಡಿಕ್ಕಿ ತೆರೆದು ಚಾಪೆ ಎತ್ತಿ, ಸ್ಟೆಪ್ನಿ ಹೊರಗೆಳೆದ. ಅದರ ಕೆಳಗಿನ ತಗ್ಗಿನಲ್ಲಿ ಜಾಕಿಗೆ ಒರಗಿ ಗೇಣುದ್ದದ ಒಂದು ದಬ್ಬಣ ಬಿದ್ದಿತ್ತು. ಗಾಡಿ ಹೊರಳಿದಾಗೆಲ್ಲ ತಗಡಿಗೆ ಬಡಿದು ಟಕ್ ಟಕ್ ಅನ್ನುತ್ತಿದ್ದದ್ದು ಅದೇ. ಸಪ್ಪಳದ ಕಾರಣ ಸಿಕ್ಕಿತಲ್ಲ ಎಂದು ನಂದಾ ಟೀಚರಿಗೆ ಸಮಾಧಾನವಾಗಬೇಕಿತ್ತು. ಆದರೆ ಆಕೆ ಗೋಡೆ ಹಿಡಿದು ಕೂತೇಬಿಟ್ಟಳು. "ಇದು ಗಾದಿ ಹೊಲಿಯೂ ದಬ್ಬಣ ಅಲ್ಲೇನ್ರಿ? ನನ್ನ ಗಾಡಿಯೊಳಗ ಯಾಕ್ ಬಂತ್ರಿ ಇದು?"

ಠಾಣೆಯಲ್ಲಿ ಖಾಸಿಂಬಿ ಆ ದಬ್ಬಣವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿದಳು. ದಬ್ಬಣದ ಕಣ್ಣಿನ ಹತ್ತಿರ ಸುತ್ತಿದ್ದ ಹಸಿರು ದಾರ ಮಾಸಿ ಕಪ್ಪಾಗಿತ್ತು.

"ದಾರ ನಾ ಸುತ್ತಿದ್ದು. ಬೆರಳಿಗೆ ಚುಚ್ಚತೈತಿ ಅಂತಿದ್ದ," ಎಂದಳು. ಅಳಲಿಲ್ಲ. "ಎಲ್ಲಿತ್ರಿ?"

"ಇನ್ನ ಸ್ವಲ್ಪ ದಿನ ತಡೀರಿ ಕಾಕೂ. ನಾನ ಬಂದು ಹೇಳ್ತೀನಿ."

"ಪೂರಾ ಹೇಳ್ಬೇಕು. ಅರ್ಧ ಹೇಳಿ ಕಳಸ್ಬ್ಯಾಡ್ರಿ."

"ಪೂರಾ ಹೇಳ್ತೀನಿ," ಎಂದು ದುರ್ಗಾ ಮಾತು ಕೊಟ್ಟಳು. ಅಂದು ಸಂಜೆಯೇ ಎಫ್‌ಐಆರ್ ದಾಖಲಾಯಿತು. ಕೃತ್ಯ ನಡೆದದ್ದು ಹಳೆಯ ಕಾನೂನಿದ್ದಾಗ, ಆದ್ದರಿಂದ ಐಪಿಸಿ ಕಲಂ 304 ಮತ್ತು 201: ನರಹತ್ಯೆ, ಸಾಕ್ಷ್ಯನಾಶ. ಮುಮತಾಜಳ ರಕ್ತದ ಮಾದರಿ ಹಲ್ಲಿನ ಜೊತೆ ಪರೀಕ್ಷೆಗೆ ಹೋಯಿತು.

ಇನ್ನು ಗುಡದಪ್ಪ. ದಬ್ಬಣ ಅವನ ಗಾಡಿಯಲ್ಲಿತ್ತು ನಿಜ, ಆದರೆ ಗಾಡಿ ಈಗ ಅವನದಲ್ಲ. ಗಾಲಿಯ ಬುಡಕ್ಕೆ ಬರುವ ಕೈ ಅವನದೇ ಎಂದು ಕಣ್ಣಾರೆ ಕಾಣಬೇಕಿತ್ತು. ಮುಂದಿನ ಅಮಾಸಿ ಡಿಸೆಂಬರ್ 30, ಎಳ್ಳ ಅಮಾಸಿ.

ಎಳ್ಳ ಅಮಾಸಿ ದಿನ ಈ ಸೀಮೆಯ ಊರುಗಳು ಬರಿದಾಗುತ್ತವೆ. ಸಜ್ಜಿ ರೊಟ್ಟಿ, ಎಣಗಾಯಿ, ಹೋಳಿಗೆ, ಬುತ್ತಿ ಕಟ್ಟಿಕೊಂಡು ಚಕ್ಕಡಿ, ಟ್ರ್ಯಾಕ್ಟರ್ ಹತ್ತಿ ಎಲ್ಲರೂ ಭೂತಾಯಿಗೆ ಅನ್ನದ ಚರಗ ಚೆಲ್ಲಲು ಹೊಲಕ್ಕೆ ಹೋಗಿಬಿಡುತ್ತಾರೆ. ಮಟಮಟ ಮಧ್ಯಾಹ್ನ ಓಣಿಯಲ್ಲಿ ಒಂದು ಕೂಸಿನ ದನಿಯಿಲ್ಲ, ಒಂದು ಕದ ತೆರೆದಿಲ್ಲ. ನಂದಾಳ ಮನೆಯ ಒಳಗೆ ಕಿಟಕಿಯ ಸಂದಿಗೆ ಕಣ್ಣು ಹಚ್ಚಿ ದುರ್ಗಾ ಕೂತಿದ್ದಳು, ಹಿಂದೆ ಸರ್ಫರಾಜ್. ಪಂಚನಾಮೆಯ ಸಾಮಾನಾಗಿ ದಬ್ಬಣ ಠಾಣೆಯ ಬೀರುವಿನಲ್ಲಿತ್ತು. ಆದರೂ ಅವಳ ಕಿವಿ ಕಾರಿನ ಡಿಕ್ಕಿಯ ಕಡೆಗೇ ಹೋಗುತ್ತಿತ್ತು. ಹುಚ್ಚಿ, ಪಿಎಸ್‌ಐ ಆಗಿ ಹಗಲೊತ್ತಿನಲ್ಲಿ ಅಂಜುತ್ತೀಯಾ ಎಂದು ತನ್ನನ್ನೇ ಬೈದುಕೊಂಡಳು.

ಹನ್ನೆರಡೂವರೆಯ ಸುಮಾರಿಗೆ ಅಂವ ಬಂದ. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಐವತ್ತರ ಹತ್ತಿರದ ಮನುಷ್ಯ. ಚಪ್ಪಲಿಯನ್ನು ಓಣಿಯ ತಿರುವಿನಲ್ಲೇ ಬಿಟ್ಟಿದ್ದ. ಗಾಲಿಯ ಮುಂದೆ ಮಂಡಿಯೂರಿ ಸಕ್ಕರೆ ಇಟ್ಟ, ಊದು ಹಚ್ಚಿದ, ತಲೆಗೆ ಟವೆಲ್ ಹೊದ್ದುಕೊಂಡ. ಆಮೇಲೆ ಗಾಲಿಗೆ ಬಾಯಿ ಹಚ್ಚಿ, ಪಕ್ಕದಲ್ಲಿ ಮಲಗಿದವನ ಕಿವಿಯಲ್ಲಿ ಹೇಳುವ ಹಾಗೆ ಮೆಲ್ಲಗೆ ಮಾತಾಡತೊಡಗಿದ.

"ನಂದೇನ್ ತಪ್ಪಿಲ್ಲಪಾ. ಬರದು ಕೊಟ್ಟೀನಿ. ಇನ್ನ ಬಿಡು. ಇನ್ನ ಕರೀಬ್ಯಾಡ."

ದುರ್ಗಾ ಹಿಂದೆ ಹೋಗಿ ನಿಂತು ಕರೆದಳು: "ಗುಡದಪ್ಪ."

ಅವನು ತಿರುಗಲಿಲ್ಲ, ಓ ಅನ್ನಲಿಲ್ಲ. ಹಲ್ಲು ಕಚ್ಚಿಕೊಂಡು, ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಮುದುರಿ ಕೂತ. ಸರ್ಫರಾಜ್ ಹೆಗಲ ಮೇಲೆ ಕೈಯಿಟ್ಟು, "ಪೊಲೀಸ್ರು ಅದೀವಿ, ಏಳ್ರಿ" ಎಂದಾಗ ಮನುಷ್ಯ ಉಸಿರು ಬಿಟ್ಟ. ಪೊಲೀಸರನ್ನು ನೋಡಿ ಇಷ್ಟು ಸಮಾಧಾನಪಟ್ಟವನನ್ನು ದುರ್ಗಾ ತನ್ನ ನೌಕರಿಯಲ್ಲೇ ನೋಡಿರಲಿಲ್ಲ. 12.50ಕ್ಕೆ ಬಂಧನದ ಮೆಮೊ ಬರೆಯಲಾಯಿತು.

ವಿಚಾರಣೆ ಬಹಳ ಹೊತ್ತು ಹಿಡಿಯಲಿಲ್ಲ.

"ದಾವೂದಸಾಬ ಗುರುತಿದ್ದನೇನು?"

"ನಮ್ಮನಿ ಗಾದಿ ಎಲ್ಲಾ ಅಂವನ ಹೊಲದದ್ರಿ. ಇವತ್ತಿಗೂ ಅದರ ಮ್ಯಾಲೇ ಮಲಗ್ತೀನಿ. ನಿದ್ದಿ ಬರೂದಿಲ್ಲ."

"ಅವತ್ತು ಏನಾತು?"

"ಹೊಲದವರಿಗೆ ಕಡ್ಲಿ ಬೀಜ ಕೊಟ್ಟು ಬರಾಕ ಹೋಗಿದ್ನಿ. ಎರಿ ಹೊಲ, ಕಣ್ಣು ಹಾಯೂ ಮಟ ಒಂದು ಗಿಡ ಇಲ್ಲ್ರಿ. ನೆರಳಂದ್ರ ನನ್ನ ಗಾಡಿದೊಂದ. ಅಂವ ಸೈಕಲ್ಲು ಬದುವಿಗೆ ಚೆಲ್ಲಿ, ಗಾಡಿ ಹಿಂದ ನೆರಳಿಗೆ ಮಲಗಿದ್ನಂತ ಕಾಣತೈತಿ. ನಾ ಬಂದು ಕುಂತು ರಿವರ್ಸ್ ತಗೊಂಡ್ನಿ. ಗಾಲಿ ಎತ್ತರ ಆತು."

"ಆಮ್ಯಾಲ?" ಎಂದಳು ದುರ್ಗಾ.

"ಇಳದು ನೋಡಿದ್ನಿ. ಉಸಿರಿಲ್ಲ. ಮೂಗಿನ ಹತ್ರ ಕೈ ಹಿಡದ್ನಿ, ಇಲ್ಲ. ಹೋತಲ್ಲೋ ಜೀವ ಅಂತ ಹೊಡಕೊಂಡು ಅತ್ನಿ. ದೇವರಾಣಿ ಹೇಳ್ತೀನ್ರಿ, ಠಾಣೆಗೇ ತರಾಕ ಹೊಂಟಿದ್ನಿ. ಹೆಣಾನ ಸೀಟಿನ ಮ್ಯಾಲೆ ಕುಂದ್ರಸಾಕ ಧೈರ್ಯ ಆಗಲಿಲ್ಲ, ಡಿಕ್ಕಿಯೊಳಗ ಹಾಕಿದ್ನಿ."

"ಮತ್ತ ಠಾಣೆಗೆ ಯಾಕ್ ಬರಲಿಲ್ಲ?"

ಗುಡದಪ್ಪ ಸುತ್ತಲೂ ನೋಡಿದ. ದನಿ ತಗ್ಗಿಸಿದ.

"ಕಾಲುವಿ ದಾರ್‍ಯಾಗ ಹೊಂಟಿದ್ನಿ. ಮಹಾಲಯ ಅಮಾಸಿ, ನಡುಮಧ್ಯಾಹ್ನ. ರಸ್ತೆದಾಗ ನರಪಿಳ್ಳೆ ಇಲ್ಲ. ಡಿಕ್ಕಿಯೊಳಗಿಂದ ಅದು ನನ್ನ ಹೆಸರು ಹಿಡದು ಕರೀತ್ರಿ. ಗುಡದಪ್ಪಣ್ಣಾ, ನೀರ ಕೊಡು ಅಂತ."

ಸರ್ಫರಾಜ್ ಬರೆಯುತ್ತಿದ್ದ ಪೆನ್ನು ನಿಂತಿತು.

"ಅಮಾಸಿ ದಿನ ಸತ್ತದ್ದು ಹೆಸರು ಹಿಡದು ಕರದ್ರ ಓ ಅನ್ನಬಾರ್ದು, ಅಂದ್ರ ನಿನ್ನನ್ನೂ ಕರಕೊಂಡ ಹೋಗತೈತಿ ಅಂತ ನಮ್ಮವ್ವ ಹೇಳ್ತಿದ್ಲು. ನಾ ಓ ಅನ್ನಲಿಲ್ಲ. ಮೂರು ಸಲ ಕರೀತು. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಎಳದು ಕಾಲುವಿಗೆ ಹಾಕಿದ್ನಿ. ಅಂಗಿ ನನ್ನ ಕೈಯಾಗ ಹರಕೊಂಡು ಬಂತು. ತಿರುಗಿ ಹೋಗಿ ಅದರ ಸೈಕಲ್ಲು, ಗಂಟು ಎಲ್ಲಾ ತಂದು ಅಲ್ಲೇ ಹಾಕಿದ್ನಿ, ಏನರ ಉಳದ್ರ ಹಿಂದ ಬರತೈತಿ ಅಂತ. ಆದ್ರೂ ಬಂತು. ದಿನಾ ಕರೀತಿತ್ತು, ಗಾಡಿ ಮಾರಿದ್ರೂ ಬಿಡಲಿಲ್ಲ."

"ಇನ್ಶುರೆನ್ಸ್ ಅರ್ಜಿಯೊಳಗ ಯಾಕ್ ಬರದ್ರಿ?"

"ಮತ್ಯಾರೂ ಕೇಳಲಿಲ್ಲಲ್ರಿ! ಹೆಂಡತಿ ಕೇಳಲಿಲ್ಲ, ಪೊಲೀಸ್ರು ಕೇಳಲಿಲ್ಲ. ಆ ಹಾಳಿ ಒಂದ ಕೇಳ್ತು, ತಪ್ಪು ಇಲ್ಲದಿದ್ದರೂ ಬರೀರಿ ಅಂತ. ಬರದ ಮ್ಯಾಲೆ ಒಂದು ವಾರ ನಿದ್ದಿ ಬಂತು ನೋಡ್ರಿ." ಅವನು ಕೈ ಮುಗಿದ. "ನೀವ ಹೇಳ್ರಿ ಮೇಡಮ್. ನಿಂತ ಗಾಡಿ ಹಿಂದ ಬಂದು ಮಲಗಿದ್ರ ನನ್ನ ತಪ್ಪೇನೈತಿ?"

ಅಷ್ಟಕ್ಕೆ ಅವನ ತಪ್ಪು ಇರಲಿಲ್ಲ. ಅದು ದುರ್ಗಾಳಿಗೂ ಗೊತ್ತಿತ್ತು. ಅವತ್ತು ಠಾಣೆಗೆ ಬಂದಿದ್ದರೆ ಜಾಮೀನಿನ ಮೇಲೆ ಸಂಜೆಗೇ ಮನೆಗೆ ಹೋಗುತ್ತಿದ್ದ. ದಾವೂದಸಾಬ ಆಸ್ಪತ್ರೆಯಿಂದ ಕುಂಟುತ್ತಲಾದರೂ ಮನೆಗೆ ಬರುತ್ತಿದ್ದನೇನೋ.

ಹೇಳಲೋ ಬೇಡವೋ ಎಂದು ಅವಳು ಒಂದು ಗಳಿಗೆ ಯೋಚಿಸಿದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಸಂಕಟವಾಗುತ್ತಿತ್ತು. ಕೊನೆಗೆ ಮರಣೋತ್ತರ ವರದಿ ತೆಗೆದು ಪೆನ್ಸಿಲ್ ಗೆರೆ ಎಳೆದ ಸಾಲನ್ನು ಓದಿದಳು. ಅರ್ಥವಾಗಲಿಲ್ಲವೆಂದು ಅವನು ಮುಖ ನೋಡಿದ.

"ಕಾಲುವಿಗೆ ಹಾಕಿದಾಗ ಅಂವ ಉಸಿರಾಡಾಕತ್ತಿದ್ದ, ಗುಡದಪ್ಪ. ನೀರು ಕುಡದು ಸತ್ತಾನ. ನಿನ್ನ ಕರದಾಂವ ದೆವ್ವ ಅಲ್ಲ."

ಗುಡದಪ್ಪ ನಕ್ಕ. ಇಲ್ಲ ಬಿಡ್ರಿ, ಹೆಂಗ ಆಗತೈತಿ, ಕೈ ಹಿಡಿದು ನೋಡೀನಲ್ಲ ಎಂದ. ಇನ್ನೊಮ್ಮೆ ಓದ್ರಿ ಎಂದ. ದುರ್ಗಾ ಇನ್ನೊಮ್ಮೆ ಓದಿದಳು. ಆಗ ಅವನ ಗಂಟಲಿಂದ ಹೊರಟ ದನಿಗೆ ಸೆಂಟ್ರಿ ಓಡಿ ಬಂದ. "ಓ," ಎನ್ನುತ್ತಿದ್ದ ಮನುಷ್ಯ. "ಓ ಅಂದ್ನೋ ದಾವೂದಣ್ಣಾ, ಓ." ಲಾಕಪ್ಪಿನಲ್ಲಿ ಸಂಜೆಯವರೆಗೂ ಅದನ್ನೇ ಅನ್ನುತ್ತಿದ್ದ. ಸೆಂಟ್ರಿ ಯಲ್ಲೇಶ ಇನ್ನೊಬ್ಬರನ್ನು ಜೊತೆಗೆ ಕೊಡಿ, ಒಬ್ಬನೇ ನಿಲ್ಲಲಾರೆ ಎಂದು ಬಂದು ಕೇಳಿದ. ದುರ್ಗಾ ಬೈಯಲಿಲ್ಲ, ಕೊಟ್ಟಳು.

ಆರೋಪಪಟ್ಟಿಯ ಕರಡಿನಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಅವಳು ಎರಡಕ್ಷರ ಬರೆದಳು: ಭಯ. ದ್ವೇಷವಿಲ್ಲ, ಹಣವಿಲ್ಲ, ಹೆಣ್ಣಿಲ್ಲ. ಕೋರ್ಟು ಇದನ್ನು ಒಪ್ಪುತ್ತದೋ ಇಲ್ಲವೋ ಎಂದು ಸರ್ಫರಾಜ್ ಕೇಳಿದ. ಅದು ಕೋರ್ಟಿಗೆ ಬಿಟ್ಟದ್ದು ಎಂದಳು.

ಫೆಬ್ರುವರಿಯಲ್ಲಿ ಪ್ರಯೋಗಾಲಯದ ವರದಿ ಬಂತು. ಹಲ್ಲು ಮುಮತಾಜಳ ತಂದೆಯದೇ. ದುರ್ಗಾ ಅಂದೇ ಸರ್ಫರಾಜನನ್ನು ಕರೆದುಕೊಂಡು ಖಾಸಿಂಬಿಯ ಮನೆಗೆ ಹೋದಳು. ತಾಯಿ ಮಗಳು ಇಬ್ಬರೂ ಚಾಪೆಯ ಮೇಲೆ ಕೂತರು. ಮಾತು ಕೊಟ್ಟಿದ್ದಳಲ್ಲ, ದುರ್ಗಾ ಪೂರಾ ಹೇಳಿದಳು. ನೆರಳಿಗೆ ಮಲಗಿದ್ದು, ಗಾಲಿ, ಡಿಕ್ಕಿ, ಮೂರು ಸಲ ಹೆಸರು ಕರೆದದ್ದು, ನೀರು ಕೇಳಿದ್ದು. ಮುಮತಾಜ್ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಖಾಸಿಂಬಿ ಮೊದಲು ಕೇಳಿದ್ದು ಇಷ್ಟೇ:

"ಓಡಿಹೋಗಿದ್ದಿಲ್ಲಲ್ರಿ?"

"ಇಲ್ಲ ಕಾಕೂ. ಮನಿಗೆ ಬರಾಕತ್ತಿದ್ದ."

"ಆ ಗುಡದಪ್ಪ ದೆವ್ವ ಅಂತ ತಿಳದ್ನಂತ?"

"ಹೌದ್ರಿ."

"ದೆವ್ವ ಆಗಿದ್ರ ಅಂವ ಮೊದಲ ನನ್ನ ಹೆಸರು ಕರೀತಿದ್ದ, ಬಾಯಿ," ಎಂದಳು ಖಾಸಿಂಬಿ. "ಜೀವ ಇದ್ದಾಂವ ನೋಡ್ರಿ, ಹತ್ರ ಇದ್ದವರನ್ನ ಕರೀತಾನ."

ಸರ್ಫರಾಜ್ ಅದನ್ನು ಹೇಳಿಕೆಯಲ್ಲಿ ಅವಳ ಮಾತಿನಲ್ಲೇ ಬರೆದುಕೊಂಡ. ದುರ್ಗಾ ಓದಿ ಹೇಳಿದಳು, ಖಾಸಿಂಬಿ ಸರಿ ಐತಿ ಎಂದು ಹೆಬ್ಬೆಟ್ಟು ಒತ್ತಿದಳು.